ಕೊನೆಯಿಂದ ಓದಿದ ಬಡ್ಡಿ

ಕರಡಪ್ಪನವರಿಗೆ ಈ ಲೋಕದ ಮೇಲಿದ್ದ ದೂರು ಒಂದೇ: ಜನ ಓದುವುದಿಲ್ಲ. ಔಷಧಿ ಡಬ್ಬಿಯ ಮೇಲಿರುವುದನ್ನು ಓದುವುದಿಲ್ಲ, ಬಸ್ ಟಿಕೆಟ್ಟಿನ ಬೆನ್ನ ಮೇಲಿರುವುದನ್ನು ಓದುವುದಿಲ್ಲ. ಸಹಿ ಹಾಕುವ ಕಾಗದವನ್ನಂತೂ ಕಣ್ಣೆತ್ತಿಯೂ ನೋಡುವುದಿಲ್ಲ. ‘ಎಲ್ಲಿ ಹಾಕಬೇಕು, ಇಲ್ಲೇನಾ?’ ಎಂದು ಬೆರಳಿಟ್ಟು ಕೇಳಿ, ಗೀಚಿ, ಎದ್ದು ಹೋಗುತ್ತಾರೆ. ಇಂಥ ಮಂದೆಯ ನಡುವೆ ಓದಿ ಸಹಿ ಹಾಕುವವನು ತಾನೊಬ್ಬನೇ ಹುಟ್ಟಿಬಿಟ್ಟೆನಲ್ಲ ಎಂದು ಅವರು ದಿನಕ್ಕೆರಡು ಸಲ ನಿಟ್ಟುಸಿರು ಬಿಡುತ್ತಿದ್ದರು, ಒಂದು ಪ್ರೆಸ್ಸಿನಲ್ಲಿ, ಒಂದು ಮನೆಯಲ್ಲಿ. (ಪ್ರೆಸ್ಸಿನಲ್ಲಿ ಯಂತ್ರದ ಸದ್ದಿಗೆ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಕೇಳಿಸಿದರೂ ಯಾರೂ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ.)

ಕರಡಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತಾರು ವರ್ಷದಿಂದ ಒಂದೇ ಪ್ರೆಸ್ಸಿನಲ್ಲಿ, ಒಂದೇ ಕುರ್ಚಿಯಲ್ಲಿ, ಅಚ್ಚಿಗೆ ಹೋಗುವ ಮುಂಚಿನ ಕರಡನ್ನು ತಿದ್ದುತ್ತ ಕೂತಿದ್ದಕ್ಕೆ ಜೊತೆಯವರು ಇಟ್ಟದ್ದು. ಹೆತ್ತವರು ಇಟ್ಟ ಹೆಸರು ಈಗ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ, ಅದೂ ಅವರೇ ತಿದ್ದಿಸಿದ ಮೇಲೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಅನಾಹುತವಾಗಿತ್ತು. ಒಂದು ಕಾದಂಬರಿಯ ಕೊನೆಯ ಅಧ್ಯಾಯ ತಿದ್ದುತ್ತ ತಿದ್ದುತ್ತ ಇವರು ನಾಯಕಿಯ ಕಷ್ಟದಲ್ಲಿ ಮುಳುಗಿ ಗಳಗಳ ಅತ್ತುಬಿಟ್ಟರು. ಅತ್ತ ಪುಟದಲ್ಲಿ ಏಳು ತಪ್ಪು ಹಾಗೇ ಉಳಿದು ಅಚ್ಚಾಯಿತು. ಪ್ರೆಸ್ಸಿನ ಯಜಮಾನರು ಆ ಏಳನ್ನೂ ಬೆರಳಲ್ಲಿ ಎಣಿಸಿ ತೋರಿಸಿದರು. ಅವತ್ತೇ ಶಪಥ: ಇನ್ನು ಮೇಲೆ ಯಾವುದನ್ನೂ ಮೊದಲಿಂದ ಓದುವುದಿಲ್ಲ. ಪುಟದ ಕೊನೆಯ ಪದದಿಂದ ಹಿಡಿದು ಒಂದೊಂದೇ ಪದ ಹಿಂದಕ್ಕೆ, ಹಿಂದಕ್ಕೆ. ಹಾಗೆ ಓದಿದರೆ ಪದ ಪದವಾಗಿಯೇ ಉಳಿಯುತ್ತದೆ, ಅರ್ಥ ಹತ್ತಿರ ಸುಳಿಯುವುದಿಲ್ಲ. ಅರ್ಥ ಅನ್ನುವುದು ಕರಡು ತಿದ್ದುವವನ ಪರಮ ವೈರಿ, ಅದು ಕಣ್ಣಿಗೆ ಮಣ್ಣೆರಚುತ್ತದೆ ಎಂಬುದು ಅವರ ಸಿದ್ಧಾಂತ. ಅವತ್ತಿನಿಂದ ತಪ್ಪು ಉಳಿದಿಲ್ಲ. ಏನು ಓದಿದೆ ಎಂಬುದೂ ಉಳಿದಿಲ್ಲ.

ಮನೆ ಎಂದರೆ ಮಹಡಿಯ ಮೇಲೆ ಎರಡು ಕೋಣೆ, ಮುಂದೆ ಒಂದು ಮೊಗಸಾಲೆ. ಮುಂದಿನ ಕೋಣೆ ಅವರ ಹೆಂಡತಿಯ ಹೊಲಿಗೆ ಯಂತ್ರದ್ದು. ಆಕೆ ಅಂಗಿ, ಪ್ಯಾಂಟು, ಶಾಲೆಯ ಸಮವಸ್ತ್ರ ಎಲ್ಲ ಹೊಲಿಯುವವರು. ಕೆಲಸದ ಹೊತ್ತಿನಲ್ಲಿ ಬಾಯಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಇರುವುದರಿಂದ ಮಾತು ಕಡಿಮೆ. ಆ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚತೊಡಗಿದರೆ ಕರಡಪ್ಪನವರು ಚಪ್ಪಲಿ ಹುಡುಕುತ್ತಿದ್ದರು. ಆಕೆಗೆ ಒಂದೇ ಆಸೆ: ಬೀದಿಯ ಮೂಲೆಯಲ್ಲಿ ಒಂದು ಪುಟ್ಟ ಮಳಿಗೆ, ಬಾಗಿಲ ಮೇಲೆ ತನ್ನದೇ ಬೋರ್ಡು. ಅದಕ್ಕೆಂದು ಆರು ವರ್ಷದಿಂದ ಕಾಸಿಗೆ ಕಾಸು ಕೂಡಿಸಿ ಮೂವತ್ತು ಸಾವಿರ ಮಾಡಿಟ್ಟಿದ್ದರು. ಆ ದುಡ್ಡಿನ ಸುದ್ದಿಗೆ ಯಾರೂ ಹೋಗುವ ಹಾಗಿರಲಿಲ್ಲ.

ಮೊಗಸಾಲೆಯ ಮಂಚ ಅತ್ತೆಯದು, ಅಂದರೆ ಹೆಂಡತಿಯ ತಾಯಿಯದು. ಅತ್ತೆ ಓದಿದ್ದು ಎರಡನೇ ಕ್ಲಾಸು. ಇವತ್ತಿಗೂ ಬೆರಳಿಟ್ಟು, ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸುತ್ತ ಓದುವವರು. ಆದರೆ ಬೀದಿಯ ತರಕಾರಿ ಗಾಡಿಯವಳು, ಇಸ್ತ್ರಿಯವನು, ಚಹಾದ ಅಂಗಡಿಯವನು ಎಲ್ಲರೂ ಕೈ ಖಾಲಿಯಾದಾಗ ಆ ಮಂಚದ ಮುಂದೆ ಬಂದು ಕೂರುತ್ತಿದ್ದರು. ಸಾವಿರ, ಎರಡು ಸಾವಿರ ಕೈಸಾಲ, ನೂರಕ್ಕೆ ಎರಡು ಬಡ್ಡಿ, ತಿಂಗಳಿಗೆ. ಅತ್ತೆಯದು ಒಂದು ಪದ್ಧತಿ. ಷರತ್ತೆಲ್ಲ ಹೇಳಿ ಮುಗಿಸಿದ ಮೇಲೆ, ‘ಈಗ ನೀನು ಹೇಳು, ಏನು ಅರ್ಥ ಆಯ್ತು?’ ಎಂದು ಕೇಳುವುದು. ಸಾಲ ಬೇಡಲು ಬಂದವರು ಒಪ್ಪಿಸಬೇಕು. ತಡವರಿಸಿದರೆ ದುಡ್ಡಿಲ್ಲ, ಚಹಾ ಕುಡಿದು ಹೋಗಬಹುದು.

ತನ್ನ ಮನೆಯ ಮೊಗಸಾಲೆಯಲ್ಲಿ ಇಂಥ ರಕ್ತ ಹೀರುವ ವ್ಯವಹಾರ ನಡೆಯುವುದೇ ಎಂದು ಕರಡಪ್ಪನವರಿಗೆ ಮೈ ಉರಿಯುತ್ತಿತ್ತು. ಬಾಯಲ್ಲಿ ಹೇಳಿ ಸೋತು, ಕೊನೆಗೆ ಅಚ್ಚಿನಲ್ಲಿ ಹೇಳಿದರು. ದಪ್ಪ ರಟ್ಟಿನ ಮೇಲೆ, ಎರಡು ಬಣ್ಣದಲ್ಲಿ, ಸುತ್ತ ಬಳ್ಳಿಯ ಅಂಚು ಬಿಡಿಸಿ, ‘ಈ ಮನೆಯಲ್ಲಿ ಬಡ್ಡಿ ವ್ಯವಹಾರಕ್ಕೆ ಅವಕಾಶವಿಲ್ಲ’ ಎಂದು ಮುದ್ರಿಸಿ ತಂದು ಸರಿಯಾಗಿ ಅತ್ತೆಯ ಮಂಚದ ಮೇಲ್ಗಡೆ ಮೊಳೆ ಹೊಡೆದರು. ಅತ್ತೆ ಅದನ್ನು ಬೆರಳಿಟ್ಟು ಓದಿ, ಚೆನ್ನಾಗಿ ಬಂದಿದೆ, ಅಂಚು ಲಕ್ಷಣವಾಗಿದೆ ಎಂದರು. ಆಮೇಲೆ ಅದರ ಕೆಳಗೇ ಕೂತು ಇಸ್ತ್ರಿಯವನಿಗೆ ಎರಡು ಸಾವಿರ ಎಣಿಸಿ ಕೊಟ್ಟರು.

ಹೀಗಿರುವಾಗ ಫ್ರಿಜ್ಜು ಸತ್ತಿತು. ಹದಿನೆಂಟು ವರ್ಷ ಗೊರಗೊರ ಎನ್ನುತ್ತಿದ್ದುದು ಒಂದು ಬೆಳಗ್ಗೆ ಸುಮ್ಮನಾಯಿತು. ಹೊಸದಕ್ಕೆ ನಲವತ್ತು ಸಾವಿರ. ಅತ್ತೆ ಮಂಚದಿಂದಲೇ, ಬೇಕಿದ್ದರೆ ನಾನು ಕೊಡುತ್ತೇನೆ, ಮನೆಯವರೆಂದು ರಿಯಾಯಿತಿಯಿಲ್ಲ, ನೂರಕ್ಕೆ ಎರಡೇ ಎಂದರು. ಕರಡಪ್ಪನವರು ಗೋಡೆಯ ಮೇಲಿನ ರಟ್ಟನ್ನು ತೋರಿಸಿ ಪ್ರೆಸ್ಸಿಗೆ ಹೋದರು.

ಪ್ರೆಸ್ಸಿನಲ್ಲಿ ಆ ವಾರ ಒಂದು ಬ್ಯಾಂಕಿನ ಕೆಲಸ ನಡೆದಿತ್ತು. ಕ್ರೆಡಿಟ್ ಕಾರ್ಡಿನ ನಿಯಮಗಳ ಪುಸ್ತಿಕೆ. ಹದಿನಾರು ಪುಟ, ಇರುವೆ ಸಾಲಿಟ್ಟ ಹಾಗೆ ಅಕ್ಷರ. ಕರಡಪ್ಪನವರು ಅದನ್ನು ಹಿಂದಿನಿಂದ ಮುಂದಕ್ಕೆ ಆರು ಸಲ ಓದಿ ಇನ್ನೂರ ಹನ್ನೊಂದು ತಪ್ಪು ತೆಗೆದಿದ್ದರು. ಕರಡು ಒಯ್ಯಲು ಬ್ಯಾಂಕಿನಿಂದ ಬಂದ ಟೈ ಕಟ್ಟಿದ ಮನುಷ್ಯ ಬೆಕ್ಕಸ ಬೆರಗಾದ. ಇದನ್ನು ಇಡಿಯಾಗಿ ಓದಿದವರು ಲೋಕದಲ್ಲಿ ನೀವೊಬ್ಬರೇ, ನಮ್ಮ ಮೇಲಿನವರೂ ಓದಿಲ್ಲ, ಬರೆದವರು ಓದಿದ್ದಾರೋ ಇಲ್ಲವೋ ನನಗೆ ಅನುಮಾನ ಎಂದ. ಹಾಗೆಂದವನೇ ಒಂದು ಅರ್ಜಿ ತೆಗೆದ. ನಿಯಮ ಪೂರ್ತಿ ತಿಳಿದಿರುವ ಗ್ರಾಹಕರು ಬ್ಯಾಂಕಿಗೇ ಗೌರವ ಎಂದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬರು ತನ್ನ ಓದನ್ನು ಗುರುತಿಸಿದ್ದಕ್ಕೆ ಕರಡಪ್ಪನವರು ಪೆನ್ನು ತೆಗೆದರು. ಸಹಿ ಹಾಕಿದರು. ಹದಿನೈದು ದಿನಕ್ಕೆ ಕಾರ್ಡು ಬಂತು, ಜೊತೆಗೆ ಬ್ಯಾಂಕಿನ ಹೆಸರಿದ್ದ ಒಂದು ಕೊಡೆ.

ಕಾರ್ಡು ಉಜ್ಜಿ ಫ್ರಿಜ್ಜು ತಂದ ದಿನ ಮನೆಯಲ್ಲಿ ಭಾಷಣವೇ ಆಯಿತು. ನೋಡಿ, ಬಡ್ಡಿ ಎಷ್ಟು ಗೊತ್ತಾ? ಮೂರು ಪಾಯಿಂಟ್ ಆರು. (ಆ ಅಂಕಿ ಅವರಿಗೆ ಚೆನ್ನಾಗಿ ನೆನಪಿತ್ತು. ಅಂಕಿಯನ್ನು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಮೂಲ ಪ್ರತಿಯೊಂದಿಗೆ ಮೂರು ಸಲ ತಾಳೆ ನೋಡಬೇಕೆಂಬುದು ಅವರ ನಿಯಮ.) ಮೊದಲ ಐವತ್ತು ದಿನ ಅದೂ ಇಲ್ಲ ಎಂದಿದ್ದಾನೆ ಆ ಟೈಯವನು. ಅದೇ ಬ್ಯಾಂಕಿನಲ್ಲಿ ನಾವು ದುಡ್ಡಿಟ್ಟರೆ ನಮಗೆ ಆರು ಕೊಡುತ್ತಾರೆ. ಅಂದರೆ ಆರು ಕೊಡುವವರಿಂದ ಮೂರೂವರೆಗೆ ಸಾಲ ತಂದಿದ್ದೇನೆ, ಇದಕ್ಕೆ ಬುದ್ಧಿ ಎನ್ನುತ್ತಾರೆ, ಮಂಚದ ಮೇಲೆ ಕೂತು ನೂರಕ್ಕೆ ಎರಡು ಎನ್ನುವುದಕ್ಕಲ್ಲ.

ಅತ್ತೆ ಎಲೆ ಬಿಡಿಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟರು.

“ಅದು ತಿಂಗಳಿಗೋ ವರ್ಷಕ್ಕೋ, ಅಳಿಯಂದ್ರೇ?”

ಕರಡಪ್ಪನವರು ನಕ್ಕರು. ಅಷ್ಟು ದೊಡ್ಡ ನಗು ಆ ಮೊಗಸಾಲೆಯಲ್ಲಿ ಎಂದೂ ಕೇಳಿರಲಿಲ್ಲ.

“ಬ್ಯಾಂಕು ಅತ್ತೆ ಅದು. ತಿಂಗಳ ಬಡ್ಡಿ ಹಾಕೋದು ಮಂಚದ ಮೇಲಿನ ವ್ಯವಹಾರದವರು. ಏರ್ ಕಂಡೀಷನ್ ಇರೋ ಕಡೆ ಎಲ್ಲಾ ವರ್ಷದ ಲೆಕ್ಕ.”

ಅತ್ತೆ ಮತ್ತೆ ಸೊಪ್ಪು ಹಿಡಿದರು. ಮಗಳ ಗಂಡ, ಮೇಲಾಗಿ ಓದಿದವನು. ಕೇಳುವುದನ್ನು ಕೇಳಿ ಆಯಿತು.

ಮೊದಲ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಚೌಕದೊಳಗೆ ಎರಡು ಸಾವಿರ ಎಂದಿತ್ತು. ಕರಡಪ್ಪನವರು ಬ್ಯಾಂಕಿನ ಸೌಜನ್ಯಕ್ಕೆ ತಲೆದೂಗಿದರು. ಎಷ್ಟು ಚೊಕ್ಕ ಲೆಕ್ಕ! ತಿಂಗಳಿಗೆ ಎರಡು ಸಾವಿರದಂತೆ ಇಪ್ಪತ್ತು ತಿಂಗಳು, ನಲವತ್ತು ಸಾವಿರ ಚುಕ್ತಾ. ಬಡ್ಡಿ ಏನೋ ಚಿಲ್ಲರೆ ಬರುತ್ತದೆ, ಕೊನೆಯಲ್ಲಿ ನೋಡಿಕೊಂಡರಾಯಿತು. ಮುಂದಿನ ತಿಂಗಳುಗಳಲ್ಲಿ ಆ ಚೌಕದ ಅಂಕಿ ಎರಡು ಸಾವಿರಕ್ಕಿಂತ ಸ್ವಲ್ಪ ಇಳಿಯಿತು. ಇವರು ಆದರೂ ಎರಡು ಸಾವಿರವನ್ನೇ ಕಟ್ಟಿದರು, ಬ್ಯಾಂಕಿಗೆ ನಮ್ಮಿಂದಲೂ ಒಂದು ಉಪಕಾರ ಇರಲಿ ಎಂದು. ಬಿಲ್ಲಿನ ಉಳಿದ ಭಾಗವನ್ನು ಓದಲಿಲ್ಲವೇ ಎಂದು ನೀವು ಕೇಳಬಹುದು. ಓದದೆ ಏನು? ಪ್ರತಿ ತಿಂಗಳೂ ಕೊನೆಯಿಂದ ಮೊದಲಿನವರೆಗೆ ಓದಿ, ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿ, ದಿನಾಂಕವಾರು ಫೈಲು ಮಾಡಿ ಇಟ್ಟಿದ್ದರು. ಒಮ್ಮೆ ಪ್ರೆಸ್ಸಿನಲ್ಲಿ ಕೆಲಸ ಒತ್ತಿಬಂದು ಎರಡು ದಿನ ತಡವಾಗಿ ಕಟ್ಟಿದ್ದಕ್ಕೆ ದಂಡ ಬಿತ್ತು. ಅದರ ಸಾಲಿನಲ್ಲೂ ಒಂದು ತಪ್ಪು ಹಿಡಿದು ಸಮಾಧಾನಪಟ್ಟುಕೊಂಡರು.

ಹತ್ತು ತಿಂಗಳು ಕಳೆಯಿತು. ಆಗ ಬಂತು ಆ ಸುದ್ದಿ. ಬೀದಿಯ ಮೂಲೆಯ ಗಡಿಯಾರ ರಿಪೇರಿಯವನು ಮಳಿಗೆ ಖಾಲಿ ಮಾಡುತ್ತಿದ್ದಾನೆ. ಮುಂಗಡ ಸರಿಯಾಗಿ ಮೂವತ್ತು ಸಾವಿರ. ಮಳಿಗೆಯ ಮಾಲೀಕ ಶನಿವಾರದವರೆಗೆ ಕಾಯುತ್ತಾನಂತೆ, ಆಮೇಲೆ ಬೀಗ ಮಾಡುವವನೊಬ್ಬ ಕಾಸು ಹಿಡಿದು ನಿಂತಿದ್ದಾನಂತೆ. ಕರಡಪ್ಪನವರ ಹೆಂಡತಿ ಅವತ್ತು ಸೂಜಿಗಳನ್ನು ಸಂತೋಷಕ್ಕೆ ಬಾಯಿಂದ ತೆಗೆದರು, ಮದುವೆಯಾದ ಮೇಲೆ ಇದು ಎರಡನೇ ಸಲ. ಅವತ್ತೇ ಮಳಿಗೆಯ ಬಾಗಿಲಿನ ಅಳತೆ ತಂದು ಪರದೆ ಹೊಲಿಯಲು ಕೂತರು. ಆದರೆ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದರು: ತಲೆಯ ಮೇಲೆ ಬ್ಯಾಂಕಿನ ಸಾಲ ಇಟ್ಟುಕೊಂಡು ಅಂಗಡಿ ತೆರೆಯುವುದಿಲ್ಲ, ಫ್ರಿಜ್ಜಿನ ಬಾಕಿ ಮೊದಲು ಮುಗಿಯಬೇಕು.

ಅದಕ್ಕೇನಂತೆ, ಎಂದರು ಕರಡಪ್ಪನವರು. ಹತ್ತು ತಿಂಗಳಿಗೆ ಇಪ್ಪತ್ತು ಸಾವಿರ ಕಟ್ಟಿಯಾಗಿದೆ, ಉಳಿದದ್ದು ಇಪ್ಪತ್ತು. ಪ್ರೆಸ್ಸಿನ ಬೋನಸ್ಸು ಈ ವಾರ ಬರುತ್ತದೆ, ಅದೂ ಇಪ್ಪತ್ತು. ಒಂದೇ ಏಟಿಗೆ ಕಾರ್ಡಿನ ಸಾಲ ಮುಗಿಸುತ್ತೇನೆ, ನಿನ್ನ ಮೂವತ್ತು ನಿನ್ನ ಅಂಗಡಿಗೆ. ಹೆಂಡತಿ ಅವರತ್ತ ಎಷ್ಟು ಮೆಚ್ಚಿ ನೋಡಿದರೆಂದರೆ, ಆ ನೋಟಕ್ಕೆ ಕರಡಪ್ಪನವರು ರಾತ್ರಿ ಒಂದು ತುತ್ತು ಹೆಚ್ಚು ಉಂಡರು.

ಬುಧವಾರ ಬಿಲ್ಲು ಬಂತು. ಪೂರ್ತಿ ಬಾಕಿ ಎಷ್ಟು ಎಂದು ಮೊದಲ ಸಲ ಚೌಕದ ಹೊರಗೆ ಕಣ್ಣು ಹಾಯಿಸಿದರು. ಮೂವತ್ತನಾಲ್ಕು ಸಾವಿರದ ಇನ್ನೂರ ಐವತ್ತು.

ಅಚ್ಚಿನ ತಪ್ಪು, ಎಂದರು. ಬೇರೆ ಏನು ಅನ್ನಲು ಸಾಧ್ಯ? ಇಪ್ಪತ್ತಾರು ವರ್ಷದಿಂದ ಲೋಕದಲ್ಲಿ ತಪ್ಪಾಗಿ ಕಂಡದ್ದೆಲ್ಲ ಅಚ್ಚಿನ ತಪ್ಪೇ ಆಗಿತ್ತು. ಬ್ಯಾಂಕಿನ ಸಹಾಯವಾಣಿಗೆ ಫೋನು ಹಚ್ಚಿದರು. ಒಂದು ಒತ್ತಿ, ನಾಲ್ಕು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಕೇಳಿಸಿಕೊಂಡು, ಇಪ್ಪತ್ತೆರಡು ನಿಮಿಷ ಕೊಳಲು ಆಲಿಸಿದರು. ಅಷ್ಟರಲ್ಲಿ ಅವರ ಹೆಂಡತಿ ಎರಡು ಪ್ಯಾಂಟಿನ ಅಂಚು ಮಡಿಸಿ ಹೊಲಿದರು. ಕೊನೆಗೆ ಬಂದ ಹೆಣ್ಣುಮಗಳ ದನಿ ಬೆಣ್ಣೆಯ ಹಾಗಿತ್ತು. ಲೆಕ್ಕದಲ್ಲಿ ಯಾವ ತಪ್ಪೂ ಇಲ್ಲ, ಬಡ್ಡಿಯ ವಿವರವೆಲ್ಲ ಪುಸ್ತಿಕೆಯ ಏಳನೇ ಪುಟದ ಮೂರನೇ ಕಲಮಿನಲ್ಲಿದೆ, ದಯವಿಟ್ಟು ಓದಿಕೊಳ್ಳಿ ಎಂದಳು. ಓದಿಕೊಳ್ಳಿ ಎಂದು ಕರಡಪ್ಪನವರಿಗೆ ಹೇಳುವುದೇ?

“ಆ ಕಲಮಿನ ಕೊನೇ ವಾಕ್ಯಕ್ಕೆ ಪೂರ್ಣವಿರಾಮ ಹಾಕಿದ್ದೇ ನಾನು, ತಾಯಿ.”

“ತುಂಬಾ ಧನ್ಯವಾದ ಸಾರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?”

ಫೋನು ಕೆಳಗಿಟ್ಟಾಗ ಹೊಲಿಗೆ ಯಂತ್ರ ನಿಂತಿತ್ತು. ಸೂಜಿ ಒಂದು, ಎರಡು, ಮೂರು, ನಾಲ್ಕು ದಿಂಬಿಗೆ ಹೋದವು. ಕರಡಪ್ಪನವರು ಚಪ್ಪಲಿಯ ಕಡೆ ನೋಡಿದರು. ಆದರೆ ಹೆಂಡತಿ ಕೂಗಾಡಲಿಲ್ಲ, ಮೆಲ್ಲಗೆ ಕೇಳಿದರು.

“ಹತ್ತು ತಿಂಗಳು ಫ್ರಿಜ್ಜಿಗೆ ಅಂತ ಕಟ್ಟಿದ ದುಡ್ಡು ಫ್ರಿಜ್ಜಿಗೆ ಸೇರಿಲ್ಲ ಅಂದ್ರೆ, ಎಲ್ಲಿಗೆ ಹೋಯ್ತು ರೀ?”

ಇವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ಬೋನಸ್ಸಿನ ಇಪ್ಪತ್ತು ಹಾಕಿದರೂ ಇನ್ನೂ ಹದಿನಾಲ್ಕು ಸಾವಿರದ ಇನ್ನೂರ ಐವತ್ತು ಬೇಕು. ಅದನ್ನು ಆ ಮೂವತ್ತು ಸಾವಿರದಿಂದ ತೆಗೆದರೆ ಮಳಿಗೆ ಬೀಗದವನ ಪಾಲು. ಹೆಂಡತಿ ಅರ್ಧ ಹೊಲಿದಿದ್ದ ಪರದೆಯನ್ನು ನಾಲ್ಕು ಮಡಿಕೆ ಮಡಿಸಿ ಯಂತ್ರದ ಕೆಳಗಿನ ಪೆಟ್ಟಿಗೆಗೆ ಹಾಕಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕರಡಪ್ಪನವರಿಗೆ ಆರಾಮಕುರ್ಚಿಯಲ್ಲಿ ಕೂತರೂ ಆರಾಮವಾಗಲಿಲ್ಲ.

ಮೊಗಸಾಲೆಯಿಂದ ಅತ್ತೆ ಮಗಳನ್ನು ಕರೆದು ಆ ಪುಸ್ತಕ ಎಲ್ಲಿದೆ ಎಂದು ಕೇಳಿದರು. ಪುಸ್ತಿಕೆ ಮನೆಯಲ್ಲಿ ಇರಲಿಲ್ಲ. ಆದರೆ ಅಚ್ಚಾಗುವಾಗ ಕೆಟ್ಟ ದೊಡ್ಡ ದೊಡ್ಡ ಹಾಳೆಗಳನ್ನು ಕರಡಪ್ಪನವರು ಕಟ್ಟಿಕೊಂಡು ಬಂದಿದ್ದರು, ಹೆಂಡತಿ ಅವನ್ನು ಅಂಗಿಯ ಅಳತೆ ಕಾಗದವಾಗಿ ಕತ್ತರಿಸಿಕೊಂಡಿದ್ದರು. ಅಂದರೆ ಬ್ಯಾಂಕಿನ ಹದಿನಾರು ಪುಟದ ನಿಯಮಗಳೂ ಮನೆಯಲ್ಲೇ ಇದ್ದವು. ಸ್ವಲ್ಪ ಮುಂಭಾಗದಲ್ಲಿ, ಸ್ವಲ್ಪ ಬೆನ್ನಿನಲ್ಲಿ, ಉಳಿದದ್ದು ತೋಳಿನಲ್ಲಿ.

ಅತ್ತೆ ಅವೆಲ್ಲವನ್ನೂ ನೆಲದ ಮೇಲೆ ಹರಡಿಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ಓದಲು ಕೂತರು. ಬುಧವಾರ ಸಂಜೆಯೆಲ್ಲ ಓದಿದರು. ಗುರುವಾರ ಊಟ ಬಿಟ್ಟು ಓದಿದರು. ಒಂದು ಪದ ಬಿಡಲಿಲ್ಲ. ತಿಳಿಯದ್ದನ್ನು ಮಗಳಿಗೆ ಕೇಳಿದರು, ಮಗಳಿಗೂ ತಿಳಿಯದ್ದನ್ನು ಅಳಿಯನಿಗೆ ಕೇಳಿದರು. ಅಳಿಯ, ಆ ಪದ ಸರಿಯಾಗಿಯೇ ಇದೆ ಎಂದು ಖಚಿತವಾಗಿ ಹೇಳಿದರು. ಬಡ್ಡಿಯ ಕಲಮು ಮಾತ್ರ ಎಲ್ಲೂ ಸಿಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಕಾಲರಿನ ಕಾಗದದ ಮೇಲೆ. ಕುತ್ತಿಗೆಯ ಸುತ್ತಲೇ ಇತ್ತು.

ಶುಕ್ರವಾರ ಬೆಳಗ್ಗೆ ಅತ್ತೆ ಕರೆಸಿದರು. ಇಸ್ತ್ರಿಯವನು ಕೂರುವ ಜಾಗದಲ್ಲೇ ಕರಡಪ್ಪನವರು ಕೂತರು, ಮೊಗಸಾಲೆಯಲ್ಲಿ ಬೇರೆ ಜಾಗ ಇರಲಿಲ್ಲ.

“ಮೂರು ಪಾಯಿಂಟ್ ಆರು ತಿಂಗಳಿಗೆ, ಅಳಿಯಂದ್ರೇ. ವರ್ಷಕ್ಕೆ ಹನ್ನೆರಡರಿಂದ ಗುಣಿಸಿ. ನಲವತ್ತಮೂರು ದಾಟುತ್ತೆ. ನಾನು ತಗೊಳ್ಳೋದು ಇಪ್ಪತ್ತನಾಲ್ಕು.”

ಮುಂದಿನದನ್ನು ಅತ್ತೆ ಬಿಡಿಸಿ ಬಿಡಿಸಿ ಹೇಳಿದರು. ನೀವು ಕಟ್ಟಿದ ಎರಡು ಸಾವಿರದಲ್ಲಿ ಮೊದಲ ತಿಂಗಳೇ ಸಾವಿರದ ನಾನೂರ ಚಿಲ್ಲರೆ ಬಡ್ಡಿಗೆ ಹೋಯಿತು, ಅಸಲಿಗೆ ಮುಟ್ಟಿದ್ದು ಐನೂರ ಚಿಲ್ಲರೆ. ಕನಿಷ್ಠ ಕಟ್ಟಿ ಎಂದರೆ ಅಷ್ಟಕ್ಕೆ ದಂಡ ಬೀಳುವುದಿಲ್ಲ ಎಂದರ್ಥ, ಬಡ್ಡಿ ಬೀಳುವುದಿಲ್ಲ ಎಂದಲ್ಲ. ಐವತ್ತು ದಿನ ಬಡ್ಡಿಯಿಲ್ಲ ಎಂದು ನೀವು ಕುಣಿದಿರಿ, ಅದು ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ, ಬಲತೋಳಿನ ಮೇಲೆ ಬರೆದಿದೆ. ಇನ್ನು ಕೇಳಿ. ನಲವತ್ತರಲ್ಲಿ ಇಪ್ಪತ್ತು ಕಟ್ಟಿದಿರಿ, ಇಳಿದದ್ದು ಐದು ಸಾವಿರದ ಏಳುನೂರ ಐವತ್ತು. ಬಡ್ಡಿ, ದಂಡ ಎಂದು ಬ್ಯಾಂಕು ತಿಂದದ್ದು ಹದಿನಾಲ್ಕು ಸಾವಿರದ ಇನ್ನೂರ ಐವತ್ತು. ಈಗ ನಿಮಗೆ ಕಡಿಮೆ ಬಿದ್ದಿರುವುದೂ ಅಷ್ಟೇ.

ಕರಡಪ್ಪನವರು ಬಾಯಿ ತೆರೆದರು. ‘ಆದರೆ ಬ್ಯಾಂಕು ಬಡ್ಡಿ ವ್ಯಾಪಾರಿಯಲ್ಲವಲ್ಲ’ ಎಂದರು.

“ಅಳಿಯ ಅಲ್ಲ, ಮಗಳ ಗಂಡ,” ಎಂದರು ಅತ್ತೆ. “ನಾನು ತಗೊಂಡ್ರೆ ರಕ್ತ ಹೀರೋದು. ಅವರು ತಗೊಂಡ್ರೆ ಕೊಡೆ ಕೊಡ್ತಾರೆ.”

ಕರಡಪ್ಪನವರು ನೆಲ ನೋಡಿದರು, ನೆಲದ ಮೇಲೆ ಅವರೇ ಅಲ್ಪವಿರಾಮ ಹಾಕಿದ್ದ ವಾಕ್ಯಗಳು ತೋಳು ಚಾಚಿ ಮಲಗಿದ್ದವು. ಮರ್ಯಾದೆ ಆಮೇಲೆ ನೋಡಿಕೊಳ್ಳಬಹುದು, ಮಳಿಗೆ ನಾಳೆ ದಾಟಿದರೆ ಸಿಗುವುದಿಲ್ಲ. ಅವರು ಅತ್ತೆಯನ್ನು ಸಾಲ ಕೇಳಿದರು.

ಅತ್ತೆ ಇದಕ್ಕೆ ಕಾದಿದ್ದವರಂತೆ ಕಾಣಲಿಲ್ಲ ಎಂದರೆ ಸುಳ್ಳಾದೀತು. ದಿಂಬಿನ ಕೆಳಗೆ ದುಡ್ಡು ಎಣಿಸಿಯೇ ಇಟ್ಟಿದ್ದರು. ಬ್ಯಾಂಕಿನಲ್ಲೇ ಆ ಬಾಕಿ ಬಿಟ್ಟರೆ ಬರುವ ತಿಂಗಳ ಬಡ್ಡಿ ಐನೂರ ಹದಿಮೂರು, ನನ್ನಲ್ಲಿ ಇನ್ನೂರ ಎಂಬತ್ತೈದು ಎಂದು ಅದನ್ನೂ ಹೇಳಿದರು. ಆದರೆ ಓದಿದವರ ಜೊತೆ ವ್ಯವಹಾರ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಇರಲಿ ಎಂದು ಕಾಗದಕ್ಕಾಗಿ ಅತ್ತಿತ್ತ ನೋಡಿದರು. ಒಳ್ಳೆಯ ದಪ್ಪ ಕಾಗದ ಇದ್ದದ್ದು ಒಂದೇ ಕಡೆ. ಮೊಳೆಯಿಂದ ಆ ರಟ್ಟನ್ನು ಇಳಿಸಿ, ತಿರುಗಿಸಿ, ಅದರ ಬಿಳಿಯ ಬೆನ್ನ ಮೇಲೆ ಒಂದು ಗಂಟೆ ಹಿಡಿದು, ದಪ್ಪ ದಪ್ಪ ಅಕ್ಷರದಲ್ಲಿ ಏಳು ಷರತ್ತು ಬರೆದರು. ಬರೆದು ಅಳಿಯನ ಮುಂದಿಟ್ಟು, ಪದ್ಧತಿಯಂತೆ, ಓದಿ ಏನು ಅರ್ಥ ಆಯಿತು ಹೇಳಿ ಎಂದರು.

ಇಲ್ಲಿ ಕರಡಪ್ಪನವರಿಗೆ ರೋಷ ಉಕ್ಕಿತು. ಸೋತಿದ್ದಾರೆ, ನಿಜ. ಸಾಲ ಕೇಳಿದ್ದಾರೆ, ನಿಜ. ಹಾಗೆಂದು ತರಕಾರಿ ಗಾಡಿಯವಳ ಹಾಗೆ ಪಾಠ ಒಪ್ಪಿಸುವುದೇ? ಇಪ್ಪತ್ತಾರು ವರ್ಷ ಓದಿಯೇ ಅನ್ನ ತಿಂದವನು ನಾನು, ನನಗೆ ಈ ಪರೀಕ್ಷೆಯೆಲ್ಲ ಬೇಡ, ಓದಿ ಸಹಿ ಹಾಕುತ್ತೇನೆ ಎಂದರು. ಹೆಂಡತಿ ಏನೋ ಹೇಳಲು ಸೂಜಿಗೆ ಕೈ ಹಾಕಿದರು. ಅತ್ತೆ ಕಣ್ಸನ್ನೆಯಲ್ಲೇ ತಡೆದರು.

“ಓದಿದವರಿಗೆ ಪರೀಕ್ಷೆ ಬೇಡ ಬಿಡೆ. ಓದಿ, ಅಳಿಯಂದ್ರೇ.”

ಕರಡಪ್ಪನವರು ಕನ್ನಡಕ ಒರೆಸಿದರು. ಕೆಂಪು ಪೆನ್ನು ತೆಗೆದರು. ರಟ್ಟನ್ನು ಬೆಳಕಿಗೆ ಹಿಡಿದು ಏಳನೇ ಷರತ್ತಿನ ಕೊನೆಯ ಪದದ ಮೇಲೆ ಕಣ್ಣಿಟ್ಟರು. ಎರಡನೇ ಕ್ಲಾಸಿನ ಬರವಣಿಗೆ! ಅಲ್ಲೊಂದು ಒತ್ತು ಇಲ್ಲ, ಇಲ್ಲೊಂದು ದೀರ್ಘ ಇಲ್ಲ, ವಿರಾಮಚಿಹ್ನೆಯ ಗಂಧವೇ ಇಲ್ಲ. ಏಳರಿಂದ ಆರಕ್ಕೆ, ಆರರಿಂದ ಐದಕ್ಕೆ, ಕೈ ತನ್ನಷ್ಟಕ್ಕೆ ಓಡಿತು. ಮೂರು ದಿನದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಕಳೆ ಬಂತು. ಹತ್ತೇ ನಿಮಿಷಕ್ಕೆ ಮುಗಿಸಿ, ಮೂವತ್ತೊಂದು ತಪ್ಪು ಎಂದು ಘೋಷಿಸಿ, ಈಗ ನೋಡಿ ಇದು ಓದುವ ಹಾಗಾಯಿತು ಎಂದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದರು. ಅತ್ತೆ ದುಡ್ಡು ಕೊಟ್ಟು, ರಟ್ಟನ್ನು ಅದೇ ಮೊಳೆಗೆ, ಈ ಸಲ ಷರತ್ತು ಮುಂದೆ ಬರುವ ಹಾಗೆ ತೂಗುಹಾಕಿದರು.

ಬೋನಸ್ಸೂ ಕೈಗೆ ಬಂದಿತ್ತು, ಅವತ್ತೇ ಕಾರ್ಡಿನ ಸಾಲ ಪೂರ್ತಿ ಮುಗಿಯಿತು. ಶನಿವಾರ ಬೆಳಗ್ಗೆ ಮಳಿಗೆಯ ಬೀಗದಕೈ ಕರಡಪ್ಪನವರ ಹೆಂಡತಿಯ ಕೈಗೆ ಬಂತು. ಆಕೆ ಪೆಟ್ಟಿಗೆಯಿಂದ ಪರದೆ ತೆಗೆದು ಮಧ್ಯಾಹ್ನದೊಳಗೆ ಹೊಲಿದು ಮುಗಿಸಿ, ಸಂಜೆ ಬಾಗಿಲಿಗೆ ಹಾಕಿ, ಬೀದಿಯ ಆ ಕಡೆ ಹೋಗಿ ನಿಂತು ನೋಡಿ ಬಂದರು. ನೋಡುತ್ತ ಕಣ್ಣು ಒರೆಸಿಕೊಂಡರು. ಜೊತೆಗಿದ್ದ ಕರಡಪ್ಪನವರೂ ಒರೆಸಿಕೊಂಡರು. ಎಲ್ಲ ಸುಖಾಂತವಾಯಿತು ಎಂದು ಅವರಿಗೆ ಅನ್ನಿಸಿತು, ಮನೆಗೆ ಬಂದು ನೆಮ್ಮದಿಯಾಗಿ ಆರಾಮಕುರ್ಚಿಯ ಕಡೆ ನಡೆದರು.

ಕುರ್ಚಿಯಲ್ಲಿ ತರಕಾರಿ ಗಾಡಿಯವಳು ಕೂತು ಚಹಾ ಕುಡಿಯುತ್ತಿದ್ದಳು. ಇವರನ್ನು ನೋಡಿ ಏಳಲು ಹೋದವಳನ್ನು ಅತ್ತೆ, ಕೂತ್ಕೋ, ಆರನೇ ಷರತ್ತು ಎಂದು ಕೂರಿಸಿದರು. ಕರಡಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕೂಗಿ ಕರೆದರು. ಹೋಗಿ ನೋಡಿದರೆ ತೊಟ್ಟಿಯ ತುಂಬ ಬೆಳಗಿನಿಂದ ರಾಶಿ ಬಿದ್ದ ಪಾತ್ರೆ.

“ಇದೇನು?” ಎಂದರು.

“ಐದನೇದು.”

“ಯಾರು ಬರೆದದ್ದು?”

“ಅಮ್ಮ ಬರೆದದ್ದು. ಪೂರ್ಣವಿರಾಮ ನೀವು ಹಾಕಿದ್ದು.”

ಕರಡಪ್ಪನವರು ಮೊಗಸಾಲೆಗೆ ಬಂದು ರಟ್ಟಿನ ಮುಂದೆ ನಿಂತರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಒಂದನೇ ಸಾಲಿನಿಂದ ಶುರುಮಾಡಿ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಒಂದರಲ್ಲಿ ಅಸಲು. ಎರಡರಲ್ಲಿ ಬಡ್ಡಿ, ‘ತಿಂಗಳಿಗೆ’ ಎಂಬುದರ ಕೆಳಗೆ ಎರಡು ಗೆರೆ. ಮೂರರಲ್ಲಿ ತಿಂಗಳ ಒಂದನೇ ತಾರೀಖು. ನಾಲ್ಕು, ಒಂದು ದಿನ ತಡವಾದರೂ ಅವತ್ತು ಕಾಫಿ ಇಲ್ಲ. ಐದು, ಸಾಲ ತೀರುವ ತನಕ ದಿನದ ಪಾತ್ರೆ ತೊಳೆಯುವುದು ಸಾಲಗಾರನ ಪಾಲು. ಆರು, ಗಿರಾಕಿಗಳು ಬಂದಾಗ ಕೂರಲು ಸಾಲಗಾರನ ಕುರ್ಚಿ. ಏಳು, ಅವಧಿಗೆ ಮುಂಚೆ ತೀರಿಸಿದರೆ ಒಂದು ಕಾಸೂ ಹೆಚ್ಚು ಕೇಳುವುದಿಲ್ಲ. ಅಕ್ಷರ ಒಂದೂ ತಪ್ಪಿಲ್ಲ. ಅಷ್ಟು ಶುದ್ಧವಾದ ಪ್ರತಿಯನ್ನು ಅವರು ಜನ್ಮದಲ್ಲಿ ತಿದ್ದಿರಲಿಲ್ಲ. ತಿಂಗಳಿಗೆ ಎರಡು ಸಾವಿರದಂತೆ ಕಟ್ಟಿದರೆ ಎಂಟು ತಿಂಗಳು ಹಿಡಿಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು, ಈ ಸಲ ಬಡ್ಡಿ ಸೇರಿಸಿ.

“ಏನು ಅರ್ಥ ಆಯ್ತು, ಅಳಿಯಂದ್ರೇ?” ಎಂದರು ಅತ್ತೆ.

ಕರಡಪ್ಪನವರು ಒಳಗೆ ಹೋಗಿ ಅಂಗಿಯ ತೋಳು ಮಡಿಸಿದರು. ರಾಶಿಯನ್ನು ಒಂದು ಸಲ ಮೇಲಿಂದ ಕೆಳಕ್ಕೆ ನೋಡಿ, ಎಲ್ಲಿಂದ ಶುರು ಮಾಡಲಿ ಎಂದು ಹೆಂಡತಿಯನ್ನು ಕೇಳಿದರು.

ಅಷ್ಟರಲ್ಲಿ ಹೊಲಿಗೆಗೆ ಕೂತಿದ್ದ ಆಕೆ ಬಾಯಿಂದ ಸೂಜಿ ತೆಗೆದರು.

“ಕೊನೆಯಿಂದ ಶುರು ಮಾಡಿ. ನಿಮಗೆ ಅಭ್ಯಾಸ ಇದೆಯಲ್ಲ.”

ಕೊನೆಯಲ್ಲಿ, ಎಲ್ಲಕ್ಕಿಂತ ಅಡಿಯಲ್ಲಿ, ತಳ ಹಿಡಿದು ಕರಕಲಾದ ದೊಡ್ಡ ಪಾತ್ರೆ ಇತ್ತು.